ಅಪ್ಪನ ಬಂಗಾರದ ಮನುಷ್ಯ, ನನ್ನ ಜೋಗಿ

ಏಪ್ರಿಲ್ 24, ಅಣ್ಣಾವ್ರ ಹುಟ್ಟಿದಬ್ಬ, ಟೀವೀಲಿ ಬಂಗಾರದ ಮನುಷ್ಯ ಹಾಕಿದ್ರು. ಅವತ್ತು ನಾನೂ ಊರಲ್ಲಿದ್ದೆ, ಅಪ್ಪನ ಪಕ್ಕ ಚಾಪೆ ಮೇಲೆ ಕೂತು ಪೂರ್ತಿ ನೋಡಿದ್ದು ಅದೇ ಫಸ್ಟು.

ಈ ಪಿಕ್ಚರ್ ಬಂದಾಗ ಅಪ್ಪ ಬೆಂಗಳೂರಲ್ಲಿ ಒಂದು ಫ್ಯಾಕ್ಟರೀಲಿದ್ರು. 1972ರಲ್ಲಿ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಥಿಯೇಟರಲ್ಲಿ ನಾಲ್ಕು ಸಲ ಈ ಪಿಕ್ಚರ್ ನೋಡಿ, ಕೆಲಸ ಬಿಟ್ಟು ಬಂದು ತಾತನ ಕಲ್ಲುಭೂಮೀಲಿ ಬಾವಿ ತೋಡೋಕೆ ನಿಂತೋರು. ಹಂಗೆ ಊರಿಗೆ ವಾಪಸ್ ಬಂದೋರು ಇನ್ನೂ ಎಷ್ಟೋ ಜನ ಇದ್ರಂತೆ. ಬರೀ ಪಿಕ್ಚರ್ ನೋಡಿ ಬಂದ್ರು ಅಂದ್ರೆ ನಾನು ಒಪ್ಪಲ್ಲ, ಆ ಗಾಳಿನೇ ಹಂಗಿತ್ತು. ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದೂ ಪಿಕ್ಚರ್ ಬಂದಿದ್ದೂ ಅದೇ ಮಾರ್ಚ್ ತಿಂಗಳಲ್ಲಿ, ಎರಡು ವರ್ಷ ಕಳೆಯೋದ್ರಲ್ಲಿ ಉಳುವವನೇ ಹೊಲದೊಡೆಯ ಅಂತ ಕಾನೂನು ಬಂತು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿಸಿ ಫಾರಂನಿಂದ ವಿಜ್ಞಾನಿ ಲಕ್ಷ್ಮಣಯ್ಯನವರ ಇಂಡಾಫ್ ಅನ್ನೋ ಹೆಚ್ಚು ಇಳುವರಿಯ ರಾಗಿ ತಳಿ ಹೊಲಕ್ಕೆ ಬರ್ತಿತ್ತು. ಮಣ್ಣು ನಂಬಿದ್ರೆ ಬದುಕಬೋದು ಅಂತ ಜನಕ್ಕೆ ಅನ್ನಿಸ್ತಿದ್ದ ಕಾಲ, ಅದನ್ನ ಪಿಕ್ಚರಿನ ಹೀರೋ ರಾಜೀವಪ್ಪ ತೆರೆ ಮೇಲೆ ಮಾಡಿ ತೋರಿಸಿದ.

ಬಂಡೆ ಒಡೆಯೋ ಹಾಡು ಬಂತು, ವಿಶ್ವೇಶ್ವರಯ್ಯ ಕನ್ನಂಬಾಡಿ ಕಟ್ಟಿದ್ದು ಬರುತ್ತಲ್ಲ ಅದು. ಅಪ್ಪನ ಬಾಯಿ ಅಲ್ಲಾಡ್ತಿತ್ತು, ದನಿ ಇಲ್ಲ. ತೊಡೆ ಮೇಲಿದ್ದ ಬಲಗೈ ಹಾರೆ ಹಿಡಿದೋರ ಥರ ಮುಚ್ಚಿಕೊಂಡಿತ್ತು, ಹೆಬ್ಬೆಟ್ಟಿನ ಬುಡದಲ್ಲಿ ಹಾರೆ ಕಟ್ಟಿಸಿದ ಜಡ್ಡು ಈಗಲೂ ಹಂಗೇ ಇದೆ, ಹಳದಿಗೆ, ಹುಣಸೆಬೀಜದಷ್ಟು. ಅವರ ಬಾವೀಲಿ 40 ಅಡಿಗೇ ನೀರು ಬಂದಿತ್ತು. ನಾನು ಹೈಸ್ಕೂಲಿಗೆ ಬರೋ ಹೊತ್ತಿಗೆ ಅದು ಬತ್ತಿ, ಆಮೇಲೆ ಕೊರೆಸಿದ ಎರಡು ಬೋರೂ ಫೇಲಾಗಿ, ನಾನು ಬ್ಯಾಗ್ ಹಿಡ್ಕೊಂಡು ಬೆಂಗಳೂರಿಗೆ ಬಸ್ ಹತ್ತಿದೆ.

ನನ್ನ ಪಿಕ್ಚರ್ ಅಂದ್ರೆ ಜೋಗಿ, 2005. ಬೆಂಗಳೂರಿಗೆ ಹೋದ ಮಗನ್ನ ಹುಡುಕ್ಕೊಂಡು ತಾಯಿ ಬೀದಿ ಬೀದಿ ಅಲೀತಾಳೆ, ಮಗ ಅಲ್ಲೇ ಪಕ್ಕದಲ್ಲೇ ಹಾದುಹೋದ್ರೂ ಸಿಗಲ್ಲ. ಮಚ್ಚು ಲಾಂಗಿನ ಸೀನೆಲ್ಲ ನನಗೆ ಅಷ್ಟು ನೆನಪಿಲ್ಲ. ನೆನಪಿರೋದು ಅರುಂಧತಿ ನಾಗ್ ನಡಿಗೆ, ಥಿಯೇಟರಲ್ಲಿ ನನ್ನ ಆಚೆ ಈಚೆ ಕೂತಿದ್ದ ಹೋಟ್ಲು ಹುಡುಗ್ರು, ಸೆಕ್ಯುರಿಟಿಯೋರು ಬಿಕ್ಕಿ ಬಿಕ್ಕಿ ಅತ್ತಿದ್ದು. ಎಲ್ರ ಅವ್ವನೂ ಯಾವುದೋ ಊರಲ್ಲಿದ್ಳು. ಶೋ ಬಿಟ್ಟ ಕೂಡ್ಲೇ ಕಾಯಿನ್ ಬೂತ್ ಮುಂದೆ ಕ್ಯೂ ನಿಂತಿದ್ವಿ.

ಇದನ್ನ ಅಪ್ಪನಿಗೆ ಹೇಳಣ ಅಂತ ತಿರುಗೋ ಹೊತ್ತಿಗೆ ಕ್ಲೈಮ್ಯಾಕ್ಸ್ ಶುರುವಾಗ್ತಿತ್ತು, ಅಕ್ಕನ ಮಗನೇ ರಾಜೀವಪ್ಪನ್ನ ಎದುರು ಹಾಕ್ಕೊಳೋದು. ಅಪ್ಪ ಟವೆಲ್ ಕೊಡವಿ ಎದ್ರು.

"ಕೊನೇದು ನೋಡಲ್ವಾಪ್ಪ?"

"ನಾಲ್ಕು ಸಲಾನೂ ಅದೊಂದು ನಂಗೆ ಸರಿ ಬರ್ಲಿಲ್ಲ ಮಗ. ಅಷ್ಟು ಮಾಡಿದೋನು ಯಾಕೆ ಊರು ಬಿಟ್ಟು ಹೋಗ್ಬೇಕು?"

ಚಪ್ಪಲಿ ಮೆಟ್ಕೊಂಡು ಹೊಲದ ಕಡೆ ಹೋದ್ರು. ನಾನು ಟೀವಿ ಆಫ್ ಮಾಡಿ ಹಿಂದೇನೇ ಹೋದೆ.