ಗುಂಡ್ಯದಲ್ಲಿ ನಿಂತ ಕಾರು
ಹಾಸನದಲ್ಲಿ ನಮ್ಮ ಎಲೆಕ್ಟ್ರಿಕ್ ಕಾರಿನ ಫಾಸ್ಟ್ ಚಾರ್ಜಿಂಗ್ ಮುಗಿಸಿ ಶಿರಾಡಿ ಘಾಟಿ ಇಳಿಯುತ್ತಿದ್ದೆವು. ಬ್ಯಾಟರಿಯ ತಾಪ 46 ಡಿಗ್ರಿ. ಜೊತೆಗೆ ಮುಂಭಾಗದಿಂದ ಕೀರಲು ಸದ್ದು. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ರಿಸುತ್ತಿದ್ದರು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಚಾರ್ಜಿಂಗ್‌ನ ಬಿಸಿ ಆರುವ ಮೊದಲೇ ಇಳಿಜಾರಿನಲ್ಲಿ ಮೋಟಾರು ಜನರೇಟರಿನಂತೆ ಮತ್ತೆ ವಿದ್ಯುತ್ ತುಂಬುತ್ತದೆ, ಒಂದಿಷ್ಟು ಬಿಸಿ ಸಹಜ. ಆದರೆ ಗುಂಡ್ಯದಲ್ಲಿ ಕಾರು ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಚಕ್ರ ತಿರುಗದಿದ್ದಾಗಲೂ ಕೇಳಿಸುವುದು ಮೋಟಾರಿನದಾಗಿರಲಾರದು ಎನ್ನಿಸಿತು. ತಣಿದ ಮೇಲೆ ನೋಡಿದೆ: ಬ್ಯಾಟರಿಯನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಕನಿಷ್ಠ ಗೆರೆಗಿಂತ ಕೆಳಗಿತ್ತು. ಕೊಳವೆ ಸೋರಿ, ಅದನ್ನು ಹರಿಸುವ ಪಂಪಿಗೆ ಗಾಳಿ ಹೊಕ್ಕಿತ್ತು; ಕೀರಲು ಸದ್ದು ಆ ಪಂಪಿನದೇ.

ಡೀಸೆಲ್ ಕಾರಿನ ಗದ್ದಲದಲ್ಲಿ ಈ ದನಿ ನನಗೆ ಕೇಳಿಸುತ್ತಲೇ ಇರಲಿಲ್ಲ. ಮೌನಕ್ಕೆ ಅಷ್ಟು ಬೆಲೆಯಿದೆ.

ಕಾರು ಲಾರಿಯೇರಿ ಮಂಗಳೂರು ತಲುಪಿತು. ಈಗ ಪ್ರತಿ ಪ್ರಯಾಣಕ್ಕೆ ಮೊದಲು ಬಾನೆಟ್ ತೆರೆದು ಆ ಗೆರೆಯನ್ನು ನೋಡುತ್ತೇನೆ.