ಝಡ್ ಮೇಲೊಂದು ಕೆಂಪು ಸುತ್ತು

ಅಣ್ಣನ ಮಗಳ ಸೈನ್ಸ್ ರೆಕಾರ್ಡಿನಲ್ಲಿ ಈ ವಾರ ಅರ್ಧ ಮಾರ್ಕ್ಸ್ ಹೋಯಿತು. ಸೂಜಿಯನ್ನು ಮ್ಯಾಗ್ನೆಟೈಜ್ ಮಾಡಿದೆವು ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಎಸ್ ಬದಲು ಝಡ್ ಹಾಕಿದ್ದಾಳೆ. ಅದರ ಸುತ್ತ ಕೆಂಪು ಇಂಕಿನಲ್ಲಿ ದುಂಡಗೆ ಸುತ್ತು.

ಬ್ಯಾಂಕಿನವರು ಹತ್ತು ರೂಪಾಯಿ ಜಾಸ್ತಿ ಹಿಡಿದರೆ ಜಗಳಕ್ಕೆ ಹೋಗುವ ಅಣ್ಣ, ಸ್ಕೂಲು ಅಂದರೆ ಮಾತ್ರ ಜಾರಿಕೊಳ್ಳುತ್ತಾನೆ. "ಪ್ರೆಸ್ಸಲ್ಲಿ ಪ್ರೂಫ್ ನೋಡೋನು ನೀನು, ನೀನೇ ಹೋಗಿ ಬಾ" ಅಂದ. ಹೋದೆ.

"ಮೇಡಂ, ಝಡ್ ಹಾಕಿದರೂ ಸರಿ" ಅಂದೆ.

"ಅದು ಅಮೆರಿಕದವರದು ಸರ್. ನಮ್ಮದು ಬ್ರಿಟಿಷ್."

ನಮ್ಮದು ಬ್ರಿಟಿಷ್! ಸ್ಕೂಟರ್ ಓಡಿಸಿಕೊಂಡು ಬರುವಾಗಲೂ ಅದೇ ಮಾತು ಕಿವಿಯಲ್ಲಿ. 1799ರಲ್ಲಿ ಬ್ರಿಟಿಷರ ಜೊತೆ ಕಾದಾಡಿ ಟಿಪ್ಪು ಸತ್ತ ಶ್ರೀರಂಗಪಟ್ಟಣ ಇಲ್ಲೇ ಪಕ್ಕದಲ್ಲಿದೆ. ಮೈಸೂರಿನಲ್ಲಿ ಕೂತು ಎಷ್ಟು ಸಲೀಸಾಗಿ ಹೇಳಿಬಿಟ್ಟರು ಅಲ್ವಾ?

ಇಂಗ್ಲೆಂಡಿನದೇ ಆದ ಆಕ್ಸ್‌ಫರ್ಡ್ ದೊಡ್ಡ ನಿಘಂಟು ಈ ಪದವನ್ನು ಝಡ್ ಹಾಕಿಯೇ ಅಚ್ಚು ಮಾಡುತ್ತದೆ. ಪದದ ಆ ಬಾಲ ಗ್ರೀಕಿನಿಂದ ಬಂದದ್ದು, ಅಲ್ಲಿ ಇರುವುದು ಝಡ್ಡೇ ಅನ್ನೋದು ಅವರ ವಾದ. ಇಂಗ್ಲೆಂಡಿನ ಪತ್ರಿಕೆಗಳು ಹೆಚ್ಚಾಗಿ ಎಸ್ ಬಳಸುತ್ತವೆ. ಅಡ್ವರ್ಟೈಸ್, ಎಕ್ಸರ್ಸೈಸ್ ಥರದವಕ್ಕೆ ಮಾತ್ರ ಎಲ್ಲಿ ಹೋದರೂ ಎಸ್ಸೇ. ನಮ್ಮ ಪ್ರೆಸ್ಸಿನಲ್ಲಿ ಇರೋದು ಒಂದೇ ನಿಯಮ: ಯಾವುದಾದರೂ ಇರಲಿ, ಒಂದು ಪುಸ್ತಕದಲ್ಲಿ ಬೆರಕೆ ಬೇಡ.

ಮೇಡಂ ಕೆಟ್ಟವರಲ್ಲ. ಮಕ್ಕಳ ಹೆಸರು ಹಿಡಿದು ಮಾತಾಡಿಸುತ್ತಾರೆ. ಪಠ್ಯದಲ್ಲಿ ಎಸ್ ಇದೆ, ನಾಳೆ ಪಬ್ಲಿಕ್ ಪರೀಕ್ಷೆಯಲ್ಲಿ ಪೇಪರ್ ನೋಡುವವರು ಯಾರೋ ಏನೋ ಅನ್ನೋ ಭಯ ಅವರಿಗೆ. ಅದು ನನಗೂ ಅರ್ಥವಾಗುತ್ತದೆ.

ನನ್ನ ಹೊಟ್ಟೆ ಉರಿಸಿದ್ದು ಅದರ ಕೆಳಗಿನ ಸಾಲು. ಅಯಸ್ಕಾಂತವನ್ನು ಸೂಜಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜಿದೆವು ಅಂತ ಹುಡುಗಿ ಬರೆದಿದ್ದಾಳೆ. ಅದಕ್ಕೆ ಚೆಂದವಾಗಿ ಒಂದು ಟಿಕ್! ಹಾಗೆ ಉಜ್ಜಿದರೆ ಸರಿಯಾಗಿ ಹತ್ತೋದೇ ಇಲ್ಲ. ಕಬ್ಬಿಣದೊಳಗೆ ಪುಟ್ಟ ಪುಟ್ಟ ಭಾಗಗಳಿರುತ್ತವೆ, ಒಂದೊಂದೂ ಒಂದು ಅಯಸ್ಕಾಂತವೇ, ಒಂದೊಂದರ ಮುಖ ಒಂದೊಂದು ಕಡೆ. ಒಂದೇ ತುದಿಯಿಂದ ಒಂದೇ ದಿಕ್ಕಿಗೆ ಎಳೆಯುತ್ತಾ ಹೋದರೆ ಬಹಳಷ್ಟು ಒಂದೇ ಕಡೆ ತಿರುಗಿಕೊಳ್ಳುತ್ತವೆ. ವಾಪಸ್ ಉಜ್ಜಿದರೆ ಮತ್ತೆ ಕಲಸುಮೇಲೋಗರ.

ಸಂಜೆ ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಹತ್ತಿರ ಹಳೇ ಸ್ಪೀಕರಿನ ಮ್ಯಾಗ್ನೆಟ್ ಇಸ್ಕೊಂಡು ಬಂದೆ. ಅವನು ಸ್ಕ್ರೂಡ್ರೈವರ್ ತುದಿಯನ್ನು ಅದರ ಮೇಲೆ ಒಂದೇ ಕಡೆಗೆ ಎಳೆದು ಎತ್ತಿ, ಎಳೆದು ಎತ್ತಿ ಮಾಡುತ್ತಾನೆ. ಸ್ಕ್ರೂ ಕೆಳಗೆ ಬೀಳದೆ ಕಚ್ಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನುತ್ತಾರೋ ಅವನಿಗೆ ಬೇಕಾಗೇ ಇಲ್ಲ.

ಹುಡುಗಿ ಹೊಲಿಗೆ ಸೂಜಿ ಹಿಡಿದು ಮೊದಲು ತನ್ನ ರೆಕಾರ್ಡಿನಂತೆ ಉಜ್ಜಿದಳು. ಗುಂಡುಪಿನ್ನು ಅಲುಗಲೂ ಇಲ್ಲ. ಆಮೇಲೆ ಒಂದೇ ಕಡೆಗೆ ಎಳೆದಳು. ಪಿನ್ನು ಟಪ್ಪಂತ ಹತ್ತಿಕೊಂಡಿತು! ಕುವೆಂಪುನಗರದ ನಮ್ಮ ಮಹಡಿ ಮೇಲೆ ಪ್ಲಾಸ್ಟಿಕ್ ಬಟ್ಟಲಿಗೆ ನೀರು ಹಾಕಿ, ಥರ್ಮಾಕೋಲ್ ಚೂರಿನ ಮೇಲೆ ಸೂಜಿ ತೇಲಿಬಿಟ್ಟೆವು. ಕೆಲವು ಸ್ಟೀಲ್ ಬಟ್ಟಲನ್ನು ನಂಬೋ ಹಾಗಿಲ್ಲ, ಸೂಜಿಯನ್ನೇ ಎಳೆದುಬಿಡುತ್ತವೆ. ಸೂಜಿ ಸ್ವಲ್ಪ ಓಲಾಡಿ ನಿಂತಿತು. ಚಾಮುಂಡಿ ಬೆಟ್ಟ ನಮಗೆ ಪೂರ್ವಕ್ಕೆ. ಅದನ್ನು ಬಲಗೈ ಕಡೆ ಇಟ್ಟುಕೊಂಡು ನಿಂತಳು. ಸೂಜಿ ನೆಟ್ಟಗೆ ಅವಳ ಮುಂದಕ್ಕೆ ತೋರಿಸುತ್ತಿತ್ತು.

"ಚಿಕ್ಕಪ್ಪ, ಹಾಗಾದ್ರೆ ಟಿಕ್ ಹಾಕಿರೋದೇ ತಪ್ಪು. ಮಿಸ್‌ಗೆ ಹೇಳ್ಲಾ?"

"ಸುಮ್ನಿರೇ, ಇನ್ನರ್ಧ ಮಾರ್ಕ್ಸೂ ಹೋಗುತ್ತೆ" ಅಂದ ಅಣ್ಣ.

ಹೇಳು ಅಂದೆ ನಾನು. ಆವತ್ತಿನಿಂದ ಅಣ್ಣ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.