ಕೊನೆಗೂ ಒಂದು ಪೂರ್ತಿ ಸುತ್ತು
ಇವತ್ತು ನಮ್ಮ ಮಾಡೆಲ್ ರೈಲು ಕ್ಲಬ್ಬಿನ ಲೇಔಟ್ (ಹಲಗೆಯ ಮೇಲೆ ಕಟ್ಟಿದ ಪುಟ್ಟ ರೈಲು ಮಾರ್ಗ) ಮೇಲೆ ರೈಲು ಎಲ್ಲೂ ಹಳಿ ತಪ್ಪದೆ ಒಂದು ಸುತ್ತು ಹಾಕಿತು! ಎಚ್‌ಒ ಸ್ಕೇಲ್, ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಹಳಿಗಳ ನಡುವೆ ಬರೀ 16.5 ಮಿಲಿಮೀಟರ್ ಅಂತರ.

ಮೂರು ವಾರದಿಂದ ಅದೇ ತಿರುವಿನಲ್ಲಿ ಕೊನೆಯ ಬೋಗಿ ಬೀಳುತ್ತಿತ್ತು. ಚಕ್ರ ಬದಲಾಯಿಸಿದೆವು, ವೇಗ ಇಳಿಸಿದೆವು. ಊಹೂಂ. ಸುಮ್ನೆ ಬೆರಳಾಡಿಸಿದಾಗ ಸಿಕ್ಕಿತು: ಎರಡು ಹಳಿ ಸೇರುವ ಕಡೆ ಕೂದಲೆಳೆಯಷ್ಟು ಏರುಪೇರು. ಅರದಿಂದ ಉಜ್ಜಿ ಸಮ ಮಾಡಿದೆವು, ಅಷ್ಟೇ.

ನೋಡಲು ಬಂದವರು ಬೆಟ್ಟ, ಸುರಂಗ, ಪುಟ್ಟ ಸ್ಟೇಷನ್ ಮೆಚ್ಚುತ್ತಾರೆ. ಹಲಗೆಯ ಕೆಳಗೆ ಮಲಗಿ ಒಂದೊಂದೇ ವೈರ್ ಬೆಸೆದವರ ಕೆಲಸ ಯಾರಿಗೂ ಕಾಣುವುದಿಲ್ಲ, ಅಲ್ವಾ? ನನಗೆ ಆ ಭಾಗವೇ ಜಾಸ್ತಿ ಇಷ್ಟ.

ಮುಂದಿನ ವಾರ ಸಿಗ್ನಲ್ ಕೆಲಸ.